ಆಕಾಶ ನೋಡಲು ಶುಲ್ಕವಿಲ್ಲ

(ಶಿಕಾರಿಪುರ ಮತ್ತು ಸೊರಬದಲ್ಲಿ ನಡೆದ ಸಭೆಗಳಲ್ಲಿ ಮಾಡಿದ ಭಾಷಣ)



ಗಿರಣಿಯ ಪಾಳಿ ಮುಗಿಸಿ ಮೈಮೇಲಿನ ತೌಡನ್ನೂ ಕೊಡವದೆ ಬಂದವರು ಇಲ್ಲಿದ್ದೀರಿ. ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಬಂದವರೂ ಇದ್ದೀರಿ. ಕೂಲಿಯ ಮಾತು, ದರದ ಮಾತು ಕೇಳಲು ಬಂದಿದ್ದರೆ ಇಂದು ನಮ್ಮನ್ನು ಮನ್ನಿಸಬೇಕು. ಇಂದು ನಾವು ಸೂರ್ಯಚಂದ್ರರ ಮಾತನ್ನಾಡಬೇಕೆಂದಿದ್ದೇವೆ. ಹೊಟ್ಟೆ ತುಂಬಿದವರ ಮಾತು ಇದು ಎಂದು ಎದ್ದು ಹೋಗಬೇಡಿ. ಇದು ನಿಮ್ಮ ಮಕ್ಕಳಿಗೆ ಸಂಬಂಧಿಸಿದ್ದು.

ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ಪಕ್ಷದ ಕೆಲಸಕ್ಕೆ ಬರುವ ಮುಂಚೆ ನಾವು ಕೆಲವು ವರ್ಷ ಉಪಾಧ್ಯಾಯರಾಗಿದ್ದವರು. ನಮ್ಮ ಓದು ಮೆಟ್ರಿಕ್ಕಿಗೆ ನಿಂತದ್ದು. ಪುಸ್ತಕದಲ್ಲಿದ್ದುದನ್ನು ಓದಿಸುವುದು, ಬರೆಸುವುದು, ಒಪ್ಪಿಸಿಕೊಳ್ಳುವುದು — ಇಷ್ಟೇ ಪಾಠ ಎಂದು ತಿಳಿದಿದ್ದೆವು. ಒಂದು ದಿನ "ಸೂರ್ಯನು ಪೂರ್ವದಲ್ಲಿ ಹುಟ್ಟುತ್ತಾನೆ" ಎಂದು ಹೇಳಿಸುತ್ತಿದ್ದಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. ಅವನ ತಂದೆ ಅಕ್ಕಿ ಗಿರಣಿಯಲ್ಲಿ ಭತ್ತ ಬೇಯಿಸುವ ಒಲೆಯ ಬಳಿ ಕೆಲಸದವನು. ಬೆಳಗಿನ ಹೊತ್ತು ಬುತ್ತಿ ಕೊಂಡೊಯ್ಯುವುದು ಈ ಹುಡುಗನ ಪಾಲಿನ ಕೆಲಸ. "ಸಾರ್, ಸಂಕ್ರಾಂತಿ ಹೊತ್ತಿಗೆ ಸೂರ್ಯ ಗಿರಣಿಯ ಹೊಗೆಗೊಳವೆಯ ಬಲಕ್ಕೆ ಏಳ್ತಾನೆ, ಬೇಸಿಗೆ ರಜದಲ್ಲಿ ಎಡಕ್ಕೆ ಏಳ್ತಾನೆ. ಪೂರ್ವ ಯಾವುದು?" ಎಂದ. ಪುಸ್ತಕದಲ್ಲಿ ಇರುವುದನ್ನು ಬರೆ, ಕೂತುಕೋ ಎಂದೆವು. ತರಗತಿ ನಕ್ಕಿತು. ಹುಡುಗ ಕುಳಿತ. ಆಮೇಲೆ ಅವನು ನಮ್ಮನ್ನು ಏನನ್ನೂ ಕೇಳಲಿಲ್ಲ.

ಸರಿ ಹೇಳಿದವನು ಅವನೇ. ಸೂರ್ಯ ನೇರ ಪೂರ್ವದಲ್ಲಿ ಹುಟ್ಟುವುದು ವರ್ಷಕ್ಕೆ ಎರಡೇ ದಿನ, ಮಾರ್ಚ್ 20-21ರ ಮತ್ತು ಸೆಪ್ಟೆಂಬರ್ 22-23ರ ಸುಮಾರಿಗೆ. ಉಳಿದ ದಿನಗಳಲ್ಲಿ ಒಂದಿಷ್ಟು ಆಚೆ, ಒಂದಿಷ್ಟು ಈಚೆ. ನಮ್ಮ ಸೀಮೆಯಲ್ಲಿ ಡಿಸೆಂಬರಿನಲ್ಲಿ 24 ಡಿಗ್ರಿ ದಕ್ಷಿಣಕ್ಕೆ, ಜೂನಿನಲ್ಲಿ 24 ಡಿಗ್ರಿ ಉತ್ತರಕ್ಕೆ ಸರಿಯುತ್ತಾನೆ. ತೋಳನ್ನು ನೀಟಾಗಿ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಅಂದರೆ ಈ ಕೊನೆಯಿಂದ ಆ ಕೊನೆಗೆ ಹೆಚ್ಚುಕಡಿಮೆ ಐದು ಮುಷ್ಟಿ. ಒಂದು ಹೊಗೆಗೊಳವೆ, ಒಂದು ಮುಷ್ಟಿ: ಇಷ್ಟರಿಂದಲೇ ಅವನು ಒಂದು ವರ್ಷದ ಸೂರ್ಯನ ಚಲನೆಯನ್ನು ಕಂಡುಕೊಂಡಿದ್ದ. ಇಂದು ಅವನು ಅದೇ ಗಿರಣಿಯಲ್ಲಿ ಚೀಲ ಹೊರುತ್ತಾನೆ. ಈ ಸಭೆಯ ಹಿಂದೆ ಎಲ್ಲಿಯೋ ನಿಂತಿರಲೂಬಹುದು.

ಖಗೋಳವೆಂದೊಡನೆ ದೂರದರ್ಶಕ ಬೇಕು, ತಾರಾಲಯ ಬೇಕು, ಬೆಂಗಳೂರಿಗೆ ಹೋಗಬೇಕು ಎನ್ನುತ್ತಾರೆ. ಬೆಂಗಳೂರಿನ ನೆಹರೂ ತಾರಾಲಯ 1989ರಿಂದ ಒಳ್ಳೆಯ ಕೆಲಸ ಮಾಡುತ್ತ ಬಂದಿದೆ; ಅದನ್ನು ನಾವು ಹಳಿಯುವುದಿಲ್ಲ. ಆದರೆ ಆನವಟ್ಟಿಯ, ಶಿರಾಳಕೊಪ್ಪದ ಕೂಲಿಯವನ ಮಗಳು ಅಲ್ಲಿಗೆ ಹೋಗುವುದು ಯಾವಾಗ? ಅಲ್ಲಿಯವರೆಗೆ ಆಕೆ ಸೂರ್ಯನನ್ನು ಪುಸ್ತಕದ ಚಿತ್ರದಲ್ಲಿಯೇ ನೋಡುತ್ತಿರಬೇಕೆ? ಆ ಚಿತ್ರವಾದರೋ ಸುಳ್ಳು ಅಳತೆಯದು: ಭೂಮಿ ನಿಂಬೆಹಣ್ಣಿನಷ್ಟು, ಸೂರ್ಯ ಕುಂಬಳಕಾಯಿಯಷ್ಟು, ನಡುವೆ ಎರಡು ಬೆರಳಿನ ಅಂತರ.

ಒಂದು ಮೀಟರ್ ಉದ್ದದ ನೇರವಾದ ಕೋಲನ್ನು ಸಗಣಿ ಸಾರಿಸಿದ ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿ. ಗಾರೆಯವನ ತೂಕದ ಗುಂಡಿನಿಂದ ನೆಟ್ಟಗಿದೆಯೇ ನೋಡಿಕೊಳ್ಳಿ. ಹನ್ನೊಂದೂವರೆಯಿಂದ ಒಂದೂವರೆಯವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಒಂದೊಂದು ಕಲ್ಲು ಇಡಿ. ಅತಿ ಚಿಕ್ಕ ನೆರಳು ಬಿದ್ದ ಹೊತ್ತೇ ನಿಜವಾದ ನಡುಹಗಲು. ಆ ನೆರಳಿನ ಗೆರೆಯೇ ಉತ್ತರ-ದಕ್ಷಿಣ. ಶಿಕಾರಿಪುರದಲ್ಲಿ ಡಿಸೆಂಬರ್ 21ರಂದು ಆ ನೆರಳು 77 ಸೆಂಟಿಮೀಟರ್, ಉತ್ತರಕ್ಕೆ. ಮಾರ್ಚ್ 21ಕ್ಕೆ 25 ಸೆಂಟಿಮೀಟರ್. ಜೂನ್ 21ಕ್ಕೆ 16 ಸೆಂಟಿಮೀಟರ್, ಅದೂ ಉತ್ತರಕ್ಕಲ್ಲ, ದಕ್ಷಿಣಕ್ಕೆ! ನೆರಳು ಹಿಂದಿರುಗುವುದು ಡಿಸೆಂಬರ್ 21-22ಕ್ಕೆ, ಮಕರ ಸಂಕ್ರಾಂತಿಯ ದಿನವಲ್ಲ ಎಂಬುದನ್ನೂ ಕೋಲು ತೋರಿಸಿಕೊಡುತ್ತದೆ. ಭೂಮಿಯ ಅಕ್ಷ ಬುಗುರಿಯ ಹಾಗೆ ಬಹಳ ನಿಧಾನವಾಗಿ ವಾಲಿ ತಿರುಗುವುದರಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಈ ಅಂತರ ಬೆಳೆದಿದೆ. ಪಂಚಾಂಗ ಮಾರುವ ಗೆಳೆಯರು ಇದಕ್ಕೆ ನಮ್ಮ ಮೇಲೆ ಸಿಟ್ಟಾಗಬಾರದು. ಸಿಟ್ಟಾಗುವುದಿದ್ದರೆ ಕೋಲಿನ ಮೇಲೆ ಆಗಲಿ.

ಉತ್ತರದ ನೆರಳು ದಕ್ಷಿಣಕ್ಕೆ ಹೊರಳಬೇಕಾದರೆ ನಡುವೆ ಒಂದು ದಿನ ಅದು ಇಲ್ಲವಾಗಬೇಕಷ್ಟೆ. ಶಿಕಾರಿಪುರ ಇರುವುದು ಸುಮಾರು 14 ಡಿಗ್ರಿ 16 ನಿಮಿಷ ಅಕ್ಷಾಂಶದಲ್ಲಿ. ಸೊರಬ ಅದಕ್ಕಿಂತ ಕೊಂಚ ಉತ್ತರಕ್ಕೆ. ಇಲ್ಲಿ ಏಪ್ರಿಲ್ 28-29ರಂದು ಮತ್ತು ಆಗಸ್ಟ್ 14ರ ಸುಮಾರಿಗೆ ನಡುಹಗಲ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ. ನೆಟ್ಟಗೆ ನಿಂತ ಕೋಲಿಗೆ ಆಗ ನೆರಳಿಲ್ಲ. ಆದರೆ ನೋಡಿ ವಿಚಿತ್ರ: ಆಗಸ್ಟಿನಲ್ಲಿ ಶಾಲೆ ಇರುತ್ತದೆ, ಸೂರ್ಯ ಇರುವುದಿಲ್ಲ, ನಮ್ಮ ಮಳೆ ನಿಮಗೆ ಗೊತ್ತು. ಏಪ್ರಿಲ್ ಕೊನೆಯಲ್ಲಿ ಸೂರ್ಯ ಇರುತ್ತಾನೆ, ಶಾಲೆಗೆ ಬೀಗ. ಆದುದರಿಂದಲೇ ಈ ಕೆಲಸವನ್ನು ಉಪಾಧ್ಯಾಯರ ತಲೆಗೆ ಕಟ್ಟಿ ಸುಮ್ಮನಿರಲು ಬರುವುದಿಲ್ಲ. ಬೀದಿಯವರು, ಅಂಗಡಿಯವರು, ಗಿರಣಿಯವರು ಮಾಡಬೇಕು. ನಾವು ಮೊದಲ ಸಲ ಮಾಡಿದ್ದು ಒಂದು ಕಿರಾಣಿ ಅಂಗಡಿಯ ಮುಂದೆ. ನೆರಳು ಕೋಲಿನ ಬುಡಕ್ಕೆ ಸೇರಿಕೊಂಡಾಗ ಒಬ್ಬ ಹಮಾಲ ತನ್ನ ಕಾಲ ಬುಡವನ್ನೇ ಬಗ್ಗಿ ನೋಡಿಕೊಂಡು "ನಂದೂ ಹೋಯ್ತಲ್ಲ!" ಎಂದ.

ಅಂದು ನಮ್ಮ ಗಡಿಯಾರದಲ್ಲಿ ಹೊತ್ತು 12 ಗಂಟೆ 26 ನಿಮಿಷ. ಹನ್ನೆರಡಲ್ಲವೇಕೆ? ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ನಾವಿರುವುದು ಅದಕ್ಕಿಂತ ಏಳು ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ನಮ್ಮಲ್ಲಿಗೆ ತಡವಾಗಿ ಬರುತ್ತಾನೆ. ಸೊರಬಕ್ಕೆ ಶಿಕಾರಿಪುರಕ್ಕಿಂತಲೂ ಒಂದು ನಿಮಿಷ ತಡ. ಈ ಒಂದೇ ಗಡಿಯಾರ ದೇಶಕ್ಕೆ ಬಂದದ್ದು 1906ರಲ್ಲಿ. ಆ ವರ್ಷದ ಜನವರಿಯಲ್ಲಿ ಮುಂಬಯಿಯ ಹತ್ತಿಗಿರಣಿಯ ಸಾವಿರಾರು ಕೆಲಸಗಾರರು ಹೊಸ ಗಂಟೆಗೆ ಕೆಲಸಕ್ಕೆ ಬರುವುದಿಲ್ಲವೆಂದು ಗಿರಣಿಗಳ ಮುಂದೆ ದಂಗೆಯೆದ್ದರು. ಮುಂಬಯಿಯ ಹೊತ್ತಿಗಿಂತ ಹೊಸ ಹೊತ್ತು 39 ನಿಮಿಷ ಮುಂದಿತ್ತು. ಅಷ್ಟು ಮುಂಚಿತವಾಗಿ, ಕತ್ತಲೆಯಲ್ಲಿ ಏಳಬೇಕಾಗಿತ್ತು. ಮುಂಬಯಿಯ ಹಳೆಯ ಹೊತ್ತು ಅಲ್ಲಲ್ಲಿ 1955ರವರೆಗೂ ಉಳಿದಿತ್ತು. ಗಿರಣಿಯ ಸೈರನ್ ಆಕಾಶದಿಂದ ಇಳಿದು ಬಂದದ್ದಲ್ಲ, ಮನುಷ್ಯರು ಕೂಡಿ ಮಾಡಿದ ಏರ್ಪಾಟು ಎಂಬುದನ್ನು ಕಾರ್ಮಿಕನ ಮಗು ಒಂದು ಕೋಲಿನಿಂದ ಕಲಿಯಬಹುದು.

ಅದೇ ಕೋಲಿನಿಂದ ಭೂಮಿಯ ಸುತ್ತಳತೆಯನ್ನೂ ತೆಗೆಯಬಹುದು. ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿದ್ದ ಎರಟೋಸ್ಥೆನೀಸ್ 2200 ವರ್ಷಗಳ ಹಿಂದೆ ಮಾಡಿದ್ದು ಇದನ್ನೇ. ಶಿಕಾರಿಪುರ ಸೊರಬಗಳು ಇದಕ್ಕೆ ತೀರ ಹತ್ತಿರ. ದೂರದ ಊರು ಬೇಕು. ವಿಜಯಪುರದಲ್ಲಿ ನಮ್ಮ ಗೆಳೆಯರೊಬ್ಬರಿದ್ದಾರೆ. ಅವರ ಊರು ನಮ್ಮಿಂದ ಉತ್ತರಕ್ಕೆ, ಉತ್ತರ-ದಕ್ಷಿಣದ ಲೆಕ್ಕದಲ್ಲಿಯೇ, ಸುಮಾರು 283 ಕಿಲೋಮೀಟರ್. ಇಲ್ಲಿ ನೆರಳಿಲ್ಲದ ದಿನ ಅಲ್ಲಿನ ನೆರಳೆಷ್ಟು ಎಂದು ದೂರವಾಣಿಯಲ್ಲಿ ಕೇಳಿದೆವು. ಮೀಟರ್ ಕೋಲಿಗೆ 3.8 ಸೆಂಟಿಮೀಟರ್ ಎಂದರು. ಲೆಕ್ಕ ಹಾಕಿದರೆ ಭೂಮಿಯ ಸುತ್ತಳತೆ 46 ಸಾವಿರ ಕಿಲೋಮೀಟರಿಗೂ ಮೇಲೆ ಬಂತು! ಭೂಮಿ ಅಷ್ಟು ದಪ್ಪವಿಲ್ಲ. ತಪ್ಪು ಎಲ್ಲಿ ಎಂದು ಮಕ್ಕಳೇ ಹುಡುಕಿದರು. ಸೂರ್ಯ ಚುಕ್ಕೆಯಲ್ಲ, ಅಗಲವಾದ ತಟ್ಟೆ. ಆದ್ದರಿಂದ ನೆರಳಿನ ತುದಿ ಮಸುಕಾಗಿರುತ್ತದೆ, ಎಲ್ಲಿ ಮುಗಿಯಿತೆಂದು ಕಣ್ಣಿಗೆ ನಿಶ್ಚಯವಾಗದು. ಮಾರನೆಯ ವರ್ಷ ಕೋಲಿನ ತುದಿಗೆ ತೂತು ಮಾಡಿದ ತಗಡೊಂದನ್ನು ಕಟ್ಟಿ, ನೆಲಕ್ಕೆ ಬಿದ್ದ ಬೆಳಕಿನ ಬೊಟ್ಟಿನ ನಡುವನ್ನು ಗುರುತಿಸಿದರು. 4.5 ಸೆಂಟಿಮೀಟರ್. ಸುತ್ತಳತೆ 39 ಸಾವಿರದ ಐನೂರು. ನಿಜವಾದದ್ದು 40 ಸಾವಿರ. ಮೊದಲ ವರ್ಷದ ತಪ್ಪೇ ಮಕ್ಕಳಿಗೆ ಹೆಚ್ಚು ಕಲಿಸಿತೆಂದು ನಮಗೆ ತೋರುತ್ತದೆ.

ಇನ್ನು ಅಂಗಡಿಯ ಗೆಳೆಯರಿಗೊಂದು ಮಾತು. ನಿಮ್ಮ ಅಂಗಡಿಯಲ್ಲಿ ಸೌರವ್ಯೂಹವೇ ಇದೆ. ಒಂದು ಕರಿಮೆಣಸಿನ ಕಾಳು, ನಾಲ್ಕೂವರೆ ಮಿಲಿಮೀಟರಿನದು, ಭೂಮಿಯಾಗಲಿ. ಆಗ ಚಂದ್ರ ಒಂದು ಸಣ್ಣ ಸಾಸಿವೆ ಕಾಳು. ಮೆಣಸಿನಿಂದ ಅದರ ದೂರ 13-14 ಸೆಂಟಿಮೀಟರ್. ಸೂರ್ಯನಿಗೆ ಅರ್ಧ ಮೀಟರ್ ಅಗಲದ ಮೊರ ಬೇಕು. ಅದನ್ನು 50 ಮೀಟರಿಗೂ ತುಸು ಆಚೆ, ಐದಾರು ಅಂಗಡಿ ದಾಟಿ ಹಿಡಿಯಬೇಕು. ಗುರು ಒಂದು ನಿಂಬೆಹಣ್ಣು, 270 ಮೀಟರ್ ದೂರದಲ್ಲಿ. ಶನಿ ಸಿಪ್ಪೆ ಸಹಿತವಾದ ಹಣ್ಣಡಿಕೆ, ಅರ್ಧ ಕಿಲೋಮೀಟರಿನಲ್ಲಿ. ನೆಪ್ಚೂನ್ ಒಂದು ಗೋಲಿ, ಊರಾಚೆ ಒಂದೂವರೆ ಕಿಲೋಮೀಟರಿಗೆ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರವನ್ನು ಎಲ್ಲಿಡೋಣ ಎಂದು ಒಬ್ಬ ಹುಡುಗಿ ಕೇಳಿದಳು. ಈ ಅಳತೆಯಲ್ಲಿ ಅದು ಸುಮಾರು 14 ಸಾವಿರ ಕಿಲೋಮೀಟರ್. ಭೂಮಿಯ ಅಡ್ಡಳತೆಗಿಂತಲೂ ಹೆಚ್ಚು, ಇಡಲು ಜಾಗವಿಲ್ಲ. ಆ ಮಗು ನಿಂಬೆಹಣ್ಣು ಹಿಡಿದುಕೊಂಡೇ ಬಹಳ ಹೊತ್ತು ಸುಮ್ಮನೆ ನಿಂತಿತ್ತು.

ಈ ಮೊರ ಸಾಸಿವೆಗಳಿಂದಲೇ ಗ್ರಹಣವನ್ನೂ ತೋರಿಸಬಹುದು. ಸಾಸಿವೆಯನ್ನು ಗಾಜಿನ ತುಂಡಿಗೆ ಅಂಟಿಸಿ ಕಣ್ಣಿನಿಂದ 13 ಸೆಂಟಿಮೀಟರ್ ದೂರ ಹಿಡಿದು ಆ ದೂರದ ಮೊರವನ್ನು ನೋಡಬೇಕು. ಮೊದಲಿಗೆ ನಮಗೆ ಏನೂ ಕಾಣಲಿಲ್ಲ. ಕಣ್ಣಿನ ಪಾಪೆಯೇ ಸಾಸಿವೆಗಿಂತ ದೊಡ್ಡದು. ರಟ್ಟಿಗೆ ಸೂಜಿಯಿಂದ ಒಂದು ತೂತು ಚುಚ್ಚಿ, ಅದನ್ನು ಕಣ್ಣಿಗೊತ್ತಿ ನೋಡಿದಾಗ ಸಾಸಿವೆ ಕಾಳು ಮೊರವನ್ನು ಪೂರಾ ಮುಚ್ಚಿತು. ಒಂದು ಬೆರಳಿನಷ್ಟು ಆಚೆ ಸರಿಸಿದರೆ ಮೊರದ ಅಂಚು ಉಂಗುರವಾಗಿ ಉಳಿಯಿತು. 2019ರ ಡಿಸೆಂಬರ್ 26ರ ಬೆಳಿಗ್ಗೆ ಕಾಸರಗೋಡು, ಕಣ್ಣೂರುಗಳ ಕಡೆ ಜನ ನೋಡಿದ್ದು ಆ ಉಂಗುರವನ್ನೇ. ಚಂದ್ರ ಅಂದು ಕೊಂಚ ದೂರದಲ್ಲಿದ್ದ, ಅಷ್ಟೆ. ಎಚ್ಚರಿಕೆ: ಇದು ಮೊರವನ್ನು ನೋಡುವ ಆಟ. ಈ ತೂತಿನಿಂದ ಸೂರ್ಯನನ್ನು ಎಂದಿಗೂ ನೋಡತಕ್ಕದ್ದಲ್ಲ.

ಆ ದಿನ ನಮ್ಮ ಎರಡೂ ಊರುಗಳಲ್ಲಿ ಸೂರ್ಯನ ಬಹುಭಾಗ ಮುಚ್ಚಿತ್ತು. ಮಕ್ಕಳನ್ನು ಎಷ್ಟು ಮನೆಗಳಲ್ಲಿ ಒಳಗೆ ಹಾಕಿ ಬಾಗಿಲು ಮುಚ್ಚಿದ್ದರೆಂಬುದು ನಿಮಗೇ ಗೊತ್ತು. ಕಲಬುರಗಿಯ ಹತ್ತಿರ ತಾಜ್‌ಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ವಾಸಿಯಾಗಲೆಂದು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತರು. ಪತ್ರಿಕೆಗಳು ಆ ಚಿತ್ರವನ್ನು ಅಚ್ಚು ಮಾಡಿ ನಗಾಡಿದವು. ನಮಗೆ ನಗು ಬರಲಿಲ್ಲ. ಆ ತಾಯಂದಿರಿಗೆ ಒಳ್ಳೆಯ ವೈದ್ಯನೂ ಸಿಕ್ಕಿರಲಾರ, ಮೊರ ಸಾಸಿವೆಯಿಂದ ಗ್ರಹಣ ತೋರಿಸಿದ ಉಪಾಧ್ಯಾಯನೂ ಸಿಕ್ಕಿರಲಾರ. ನಮ್ಮಂಥ ಉಪಾಧ್ಯಾಯರು ಸಿಕ್ಕಿರಬೇಕು, ಕೂತುಕೋ ಎಂದವರು.

ಹಾಗೆಂದು ಈ ಸೀಮೆ ಆಕಾಶವನ್ನೇ ನೋಡದ ಸೀಮೆಯಲ್ಲ. ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯ ಕೋಡಿಯಮಠದ 1162ರ ಶಾಸನ ಅಲ್ಲಿ ವೇದಗಳನ್ನೂ ಅವುಗಳ ಅಂಗಗಳನ್ನೂ ಕಲಿಸುತ್ತಿದ್ದುದನ್ನು ಹೇಳುತ್ತದೆ. ಆ ಆರು ಅಂಗಗಳಲ್ಲಿ ಜ್ಯೋತಿಷವೂ ಒಂದು. ಸೊರಬದ ಹೊಲಗಳ ವೀರಗಲ್ಲುಗಳ ನೆತ್ತಿಯನ್ನು ನೋಡಿ: ಸೂರ್ಯ, ಚಂದ್ರ. ದಾನ ಕೊಟ್ಟ ದಿನ ಗ್ರಹಣವಿದ್ದರೆ ಅದನ್ನೂ ಶಾಸನದಲ್ಲಿ ಕೆತ್ತಿಸುತ್ತಿದ್ದರು. ಅಂಥ ಶಾಸನಗಳನ್ನು ಕಲೆಹಾಕಿ ಬಿ. ಎಸ್. ಶೈಲಜಾ ಮತ್ತು ಗೀತಾ ಕೈದಾಳ ಗಣೇಶ ಅವರು ಒಂದು ಪುಸ್ತಕವನ್ನೇ ಬರೆದಿದ್ದಾರೆ. ಕಲಿಯುವವರು ಮಾತ್ರ ಆಗ ಕೆಲವರೇ. ಕಲ್ಲು ಹೊತ್ತವನ ಮಗ ಆ ಮಠದಲ್ಲಿ ಓದಿದ ಎಂದು ಯಾವ ಕಲ್ಲಿನಲ್ಲಿಯೂ ನಾವು ಕಂಡಿಲ್ಲ.

ಕಡಿಮೆ ಖರ್ಚಿನ ಈ ದಾರಿಯನ್ನು ನಾವು ಕಂಡುಹಿಡಿದೆವೆಂದು ತಿಳಿಯಬೇಡಿ. ಮಧ್ಯಪ್ರದೇಶದ ಹೋಶಂಗಾಬಾದಿನ ಹಳ್ಳಿಶಾಲೆಗಳಲ್ಲಿ 1972ರಿಂದ ಮಕ್ಕಳು ಸ್ವಂತ ಪ್ರಯೋಗದಿಂದಲೇ ವಿಜ್ಞಾನ ಕಲಿತರು. ಮೂವತ್ತು ವರ್ಷ ನಡೆದದ್ದನ್ನು ಸರಕಾರ 2002ರಲ್ಲಿ ನಿಲ್ಲಿಸಿತು. ಮುಂಬಯಿಯ ವಿವೇಕ ಮಾಂಟೆರೊ ಎಂಬವರು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಕಾರ್ಮಿಕ ಸಂಘದ ಮುಖಂಡರಾದವರು. ಅವರ ನವನಿರ್ಮಿತಿ ಎಂಬ ಸಂಸ್ಥೆ ಹಗಲಿನಲ್ಲಿಯೇ ಆಕಾಶ ಕಲಿಸುವ ಅಗ್ಗದ ಸಾಮಾನುಗಳನ್ನು ಹಳ್ಳಿಹಳ್ಳಿಗೆ ಮುಟ್ಟಿಸಿತು. ಅವರ ಪಕ್ಷ ಬೇರೆ, ನಮ್ಮದು ಬೇರೆ. ಸೂರ್ಯ ಒಬ್ಬನೇ ಆದ್ದರಿಂದ ಅವರಿಂದ ಕಲಿಯಲು ನಮಗೆ ಸಂಕೋಚವಿಲ್ಲ. ಚೆಂಡು-ಕನ್ನಡಿಯ ಉಪಾಯ ಅವರ ಕಡೆಯಿಂದಲೇ ನಮಗೆ ಬಂದದ್ದು. ಹಳೆಯ ಚೆಂಡಿನೊಳಗೆ ಮರಳು ತುಂಬಿ, ಮೇಲೆ ಕನ್ನಡಿಯ ಚೂರು ಅಂಟಿಸಿ, ಕಡಲೆ ಗಾತ್ರದ ತೂತಿರುವ ಕಾಗದದಿಂದ ಅದನ್ನು ಮುಚ್ಚಿ, ಸಿಂಬೆಯ ಮೇಲೆ ಕೂರಿಸಿದರಾಯಿತು. ಬೇಕಾದತ್ತ ತಿರುಗುತ್ತದೆ, ತಿರುಗಿಸಿದಲ್ಲಿ ನಿಲ್ಲುತ್ತದೆ. ಬಿಸಿಲಿನಲ್ಲಿಟ್ಟು ಹತ್ತು ಹನ್ನೊಂದು ಮೀಟರ್ ದೂರದ ಕತ್ತಲೆ ಕೋಣೆಯ ಗೋಡೆಗೆ ಬೆಳಕು ಬಿಟ್ಟರೆ ಬೀಳುವುದು ಸೂರ್ಯನ ಬಿಂಬವೇ, ಸುಮಾರು 10 ಸೆಂಟಿಮೀಟರ್ ಅಗಲ. ಗ್ರಹಣದ ದಿನ ಅದು ಕಚ್ಚಿದ ರೊಟ್ಟಿಯಂತೆ ಕಾಣುತ್ತದೆ. ಇಡೀ ತರಗತಿ ಗೋಡೆಯ ಕಡೆ ನೋಡುತ್ತದೆ, ಕಣ್ಣಿಗೆ ಅಪಾಯವಿಲ್ಲ. ಗೋಡೆಯ ದೂರವನ್ನು ಬಿಂಬದ ಅಗಲದಿಂದ ಭಾಗಿಸಿದರೆ 107ರ ಸುಮಾರು ಬರಬೇಕು. ಸೂರ್ಯನ ದೂರ 15 ಕೋಟಿ ಕಿಲೋಮೀಟರನ್ನು ಇದರಿಂದ ಭಾಗಿಸಿ: ಅಗಲ 14 ಲಕ್ಷ ಕಿಲೋಮೀಟರ್. ಜಪಮಾಲೆಗೆ 108 ಮಣಿ ಇರುವುದು ಇದಕ್ಕೇ ಎಂದು ಪಕ್ಕದಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಅವರ ಕೈಗೂ ಒಂದು ಅಳತೆಪಟ್ಟಿ ಕೊಡಿ. ಕನ್ನಡಿಯ ಬೆಳಕು ಮಾತ್ರ ಯಾರ ಕಣ್ಣಿಗೂ ಬೀಳಕೂಡದು. ಎಕ್ಸ್‌ರೇ ಹಾಳೆ, ಮಸಿ ಹಿಡಿಸಿದ ಗಾಜು ಬೇಡವೇ ಬೇಡ. ವೆಲ್ಡಿಂಗ್ ಮಾಡುವ ಗೆಳೆಯರ ಗಾಜು ಆದೀತೇ ಎಂದು ಕೇಳುತ್ತಾರೆ: 14ನೆಯ ನಂಬರಿನದು ಮಾತ್ರ. ಅದಕ್ಕಿಂತ ತೆಳುವಾದುದು ಕಣ್ಣು ಕಳೆಯುತ್ತದೆ.

ಸೊರಬದ ಒಂದು ಕೇರಿಯಲ್ಲಿ ಕೋಲು ಸಿಗದೆ ನಾವು ಒನಕೆ ಕೇಳಿದ್ದುಂಟು. ಒನಕೆಗಿಂತ ನೇರವಾದ ವಸ್ತು ಮನೆಯಲ್ಲಿ ಬೇರೆ ಯಾವುದಿದೆ? ಅಜ್ಜಿಯೊಬ್ಬರು ತಂದುಕೊಟ್ಟು, "ಗ್ರಹಣ ಇಲ್ಲದೆ ಒನಕೆ ತಾನಾಗಿ ನಿಲ್ಲೋದಿಲ್ಲ ಮಗ, ಹಿಡ್ಕೊಳ್ಳೋಕೆ ಯಾರನ್ನಾದರೂ ಇಟ್ಕೋ" ಎಂದರು. ಗ್ರಹಣದಲ್ಲಿ ತಟ್ಟೆಯ ನೀರಿನಲ್ಲಿ ಒನಕೆ ನಿಲ್ಲಿಸುವುದನ್ನು ನೀವೆಲ್ಲ ನೋಡಿದವರೇ. ನಾವು ಏನೂ ಎದುರಾಡದೆ ಸಮನಾದ ಕಲ್ಲಿನ ಮೇಲೆ ಒನಕೆ ಇಟ್ಟು ಮೆಲ್ಲಗೆ ಕೈ ಬಿಟ್ಟೆವು. ಅಮಾವಾಸ್ಯೆಯಲ್ಲ, ಹುಣ್ಣಿಮೆಯಲ್ಲ, ಬರೀ ಮಂಗಳವಾರ. ಒನಕೆ ನಿಂತಿತು, ಬುಡದ ಕಬ್ಬಿಣದ ಕಟ್ಟು ಚಪ್ಪಟೆಯಾಗಿದ್ದರೆ ಯಾವ ದಿನವಾದರೂ ನಿಲ್ಲುತ್ತದೆ. ಅಜ್ಜಿ ಸುತ್ತ ಒಂದು ಬಾರಿ ಬಂದು ನೋಡಿದರು. ಆಮೇಲೆ ನಕ್ಕರು. "ಹಂಗಾರೆ ಬೇರೆ ದಿನ ನಾವು ನಿಲ್ಲಿಸಿ ನೋಡಲೇ ಇಲ್ಲ ಅನ್ನು" ಎಂದರು. ನಮ್ಮ ಯಾವ ಭಾಷಣದಲ್ಲಿಯೂ ಇಷ್ಟು ಚೊಕ್ಕ ಮಾತು ಬಂದಿಲ್ಲ.

ಮುಂದೆ 2031ರ ಮೇ 21ರಂದು ಕೇರಳ ತಮಿಳುನಾಡುಗಳ ಮೇಲೆ ಇನ್ನೊಂದು ಉಂಗುರ ಗ್ರಹಣ ಹಾದುಹೋಗುತ್ತದೆ. ನಮ್ಮಲ್ಲಿ ಸೂರ್ಯನ ಒಂದು ಭಾಗ ಮುಚ್ಚುತ್ತದೆ. ಮಳೆಗಾಲ ಹಿಡಿಯುವ ಮುಂಚಿನ ದಿನಗಳು, ಆಕಾಶ ತಿಳಿಯಾಗಿರುವ ಸಂಭವವಿದೆ. ಇಂದು ಮೂರನೆಯ ತರಗತಿಯಲ್ಲಿರುವ ಮಗು ಅಂದಿಗೆ ತಾನೇ ಚೆಂಡು-ಕನ್ನಡಿ ಮಾಡಿ ತಮ್ಮಂದಿರಿಗೆ ತೋರಿಸುವಷ್ಟು ದೊಡ್ಡದಾಗಿರುತ್ತದೆ.

ಅದಕ್ಕೆ ಮೊದಲು ಬರುವ ಏಪ್ರಿಲ್ 28 ಮತ್ತು 29 ಇವೆ. ಎರಡೂ ಊರುಗಳಲ್ಲಿ, ನಿಮ್ಮ ನಿಮ್ಮ ಅಂಗಡಿಯ ಮುಂದೆ, ಗಿರಣಿಯ ಅಂಗಳದಲ್ಲಿ, ಹನ್ನೆರಡು ಗಂಟೆಗೆ ಸೇರೋಣ. ಗಿರಣಿಯಲ್ಲಿ ಊಟದ ಬಿಡುವನ್ನು ಆ ಎರಡು ದಿನ ಹನ್ನೆರಡೂವರೆಯ ಆಸುಪಾಸಿಗೆ ಹೊಂದಿಸಿಕೊಡಿರೆಂದು ಮೇಸ್ತ್ರಿಗಳನ್ನು ಈಗಲೇ ಕೇಳಿಟ್ಟುಕೊಳ್ಳಿ. ಮಕ್ಕಳನ್ನು ಕರೆತನ್ನಿ. ಒನಕೆ ಇದ್ದವರು ಒನಕೆ ತನ್ನಿ, ಗಾರೆ ಕೆಲಸದವರು ತೂಕದ ಗುಂಡು ತನ್ನಿ. ಅಂಗಡಿಯವರಿಂದ ಬೇಕಾದದ್ದು ಒಂದು ಹಿಡಿ ಮೆಣಸು, ಒಂದು ಚಿಟಿಕೆ ಸಾಸಿವೆ. ಮೊರ ನಾವು ತರುತ್ತೇವೆ.